ಬುತ್ತಿಯ ಲೆಕ್ಕ



ರೋಹಿಣಿ ಮಳೆ ಮುಗಿದು ಮೃಗಶಿರ ಕೂಡುವ ದಿನಗಳಲ್ಲಿ ನಮ್ಮ ಧಾರವಾಡದ ಓಣಿಗಳಲ್ಲಿ ನಡೆದುಹೋದರೆ ಎರಡು ವಾಸನೆಗಳು ಒಟ್ಟಿಗೇ ಬರುತ್ತವೆ. ಒಂದು ತೊಯ್ದ ಮಣ್ಣಿನದು, ಇನ್ನೊಂದು ಹೊಸ ಪುಸ್ತಕಗಳಿಗೆ ಹಾಕಿದ ಖಾಕಿ ಹೊದಿಕೆಯದು. ಮೇ ತಿಂಗಳ ಕೊನೆಗೆ ಶಾಲೆಗಳು ತೆರೆದಿರುತ್ತವೆ. ಮಕ್ಕಳ ರಜೆಯ ನಿದ್ದೆ ಇನ್ನೂ ಬಿಟ್ಟಿರುವುದಿಲ್ಲ. ಛತ್ರಿಯ ಕಡ್ಡಿ ಮುರಿದಿರುತ್ತದೆ, ಸಮವಸ್ತ್ರ ಗಿಡ್ಡವಾಗಿರುತ್ತದೆ, ಬುತ್ತಿಯ ಡಬ್ಬಿಯ ಮುಚ್ಚಳ ಎಲ್ಲಿಯೋ ಕಳೆದಿರುತ್ತದೆ. ಇವೆಲ್ಲವೂ ಪ್ರತಿ ಮನೆಯಲ್ಲಿ ಪ್ರತಿ ವರ್ಷ ನಡೆಯುವಂಥವೇ. ಇದರಲ್ಲಿ ಬರೆಯುವಂಥದು ಏನಿದೆ ಎಂದು ತಾವು ಕೇಳಬಹುದು.

ಈ ಪುಟಗಳಲ್ಲಿ ಶರಣರ ಅನುಭಾವವನ್ನು ಬಲ್ಲವರು ಬರೆಯುತ್ತ ಬಂದಿದ್ದಾರೆ, ನಾನು ಓದುತ್ತ ಬಂದವಳು. ಷಟ್‌ಸ್ಥಲವನ್ನು ಕುರಿತು ಬರೆಯುವ ಯೋಗ್ಯತೆ ನನಗಿಲ್ಲ. ನಾನು ಬರೆಯಲು ಕುಳಿತಿರುವುದು ನನ್ನ ಎರಡು ಮಕ್ಕಳ ಬುತ್ತಿಯನ್ನು ಕುರಿತು. ಅಡುಗೆಮನೆಯ ಮಾತನ್ನು ಇಲ್ಲಿಗೆ ತರಲು ಬಹಳ ದಿನ ಸಂಕೋಚಪಟ್ಟೆ. ಕೊನೆಗೆ, ದಾಸೋಹವನ್ನು ಕುರಿತು ಇಷ್ಟೊಂದು ಓದಿದವಳು ಮಗಳ ಹೊಟ್ಟೆಯ ವಿಷಯದಲ್ಲಿ ಎಡವಿದ್ದನ್ನು ಹೇಳಿಕೊಳ್ಳದೆ ಇರುವುದು ಸರಿಯಲ್ಲವೆನಿಸಿತು.

ನಮ್ಮ ಮನೆಯಲ್ಲಿ ಈಗ ಐವರಿದ್ದೇವೆ. ಮಾವನವರು, ಯಜಮಾನರು, ನಾನು, ಮಗಳು, ಮಗ. ಆರನೆಯವರಾಗಿದ್ದ ಅತ್ತೆಯವರು ಎರಡು ವರ್ಷಗಳ ಹಿಂದಿನ ಮಾಘದಲ್ಲಿ ಲಿಂಗೈಕ್ಯರಾದರು. ಪ್ರತಿ ಮಾಘದಲ್ಲಿ ಉಳವಿಯ ಜಾತ್ರೆಗೆ ತಪ್ಪದೆ ಹೋಗುತ್ತಿದ್ದವರು ಆ ವರ್ಷ ಹೋಗಲಾಗಲಿಲ್ಲ. ನಾನು ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಕೆಲಸ ಮಾಡುವವಳು. ಮದುವೆಯಾಗಿ ಹದಿನಾಲ್ಕು ವರ್ಷ ನಾನು ಬೆಳಿಗ್ಗೆ ಪೂಜೆ ಮುಗಿಸಿ ಹೊರಬರುವಷ್ಟರಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಮೂರು ಡಬ್ಬಿಗಳು ಸಿದ್ಧವಾಗಿರುತ್ತಿದ್ದವು. ಎರಡು ಮಕ್ಕಳವು, ಒಂದು ನನ್ನದು. ಅತ್ತೆಯವರು ನಾಲ್ಕೂವರೆಗೆ ಏಳುತ್ತಿದ್ದರು. ಸ್ನಾನ, ಲಿಂಗಪೂಜೆ ಮುಗಿಸಿ ಒಲೆ ಹೊತ್ತಿಸಿದರೆ ಏಳು ಗಂಟೆಗೆ ರೊಟ್ಟಿಯ ಬುಟ್ಟಿ ತುಂಬಿರುತ್ತಿತ್ತು. ಅವರು ಉಳವಿಗೋ ತವರಿಗೋ ಹೋದಾಗ ಮಾತ್ರ ನಾನು ಬುತ್ತಿ ಕಟ್ಟುತ್ತಿದ್ದೆ. ನಾಲ್ಕು ದಿನದ ಕೆಲಸ, ಹೇಗೋ ನಡೆಯುತ್ತಿತ್ತು. ಆದುದರಿಂದ ಬುತ್ತಿ ಕಟ್ಟುವುದು ಕಷ್ಟದ ಕೆಲಸವೆಂದು ನನಗೆ ಎಂದೂ ಅನಿಸಿರಲಿಲ್ಲ.

ಅವರಿಲ್ಲದ ಮೊದಲ ಜೂನ್ ಬಂದಿತು. ಆಗ ಮಗಳು ಎಂಟನೆಯ ತರಗತಿ, ಮಗ ನಾಲ್ಕನೆಯ ತರಗತಿ. ಶಾಲೆಯ ವಾಹನ ಎಂಟಕ್ಕೆ ಬರುತ್ತದೆ. ನಾನು ಒಂಬತ್ತರೊಳಗೆ ಚಿಗರಿ ಬಸ್ಸನ್ನು ಹಿಡಿಯಬೇಕು. ಮೊದಲ ವಾರ ಉತ್ಸಾಹದಿಂದ ರೊಟ್ಟಿಗೆ ಕುಳಿತೆ. ಎಸರು ಕಾಯಿಸಿ ಹಿಟ್ಟು ನಾದಿ ಬಡಿಯುವಷ್ಟರಲ್ಲಿ ಅಂಚು ಒಡೆಯುತ್ತಿತ್ತು. ಹಿಟ್ಟು ಹಳೆಯದಾಗಿ ಜಿಗಿ ಹೋಗಿದೆ ಎಂಬುದು ಆಗ ನನಗೆ ತಿಳಿಯಲಿಲ್ಲ, ನನ್ನ ಕೈಯನ್ನೇ ಹಳಿದುಕೊಂಡೆ. ಎರಡನೆಯ ವಾರಕ್ಕೆ ಚಿತ್ರಾನ್ನ ಬಂದಿತು. ಮೂರನೆಯ ವಾರಕ್ಕೆ ಬ್ರೆಡ್ಡು, ಜಾಮು. ಆಮೇಲೆ ಎರಡು ನಿಮಿಷದ ಶಾವಿಗೆ, ಬೇಕರಿಯ ಪಫ್ಫು. ಮಕ್ಕಳು ದೂರಲಿಲ್ಲ, ಡಬ್ಬಿಗಳು ಬರಿದಾಗಿಯೇ ಮರಳಿ ಬರುತ್ತಿದ್ದವು. ಡಬ್ಬಿ ಬರಿದಾಗಿ ಬಂದಿತೆಂದರೆ ಹೊಟ್ಟೆ ತುಂಬಿತು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಕಚೇರಿಯಲ್ಲಿ ಗೆಳತಿಯರ ಮುಂದೆ, ‘ಹೇಗೋ ಸಂಭಾಳಿಸಿದೆ’ ಎಂದು ಹೇಳಿಕೊಂಡದ್ದೂ ಉಂಟು.

ಜುಲೈ ತಿಂಗಳ ಒಂದು ಬೆಳಿಗ್ಗೆ, ನಾನಿನ್ನೂ ಬಸ್ಸಿನಲ್ಲಿದ್ದಾಗ, ಶಾಲೆಯಿಂದ ದೂರವಾಣಿ ಕರೆ ಬಂದಿತು. ಪ್ರಾರ್ಥನೆಗೆ ನಿಂತಾಗ ಮಗಳು ತಲೆ ತಿರುಗಿ ಬಿದ್ದಿದ್ದಳು. ನವನಗರದಲ್ಲಿ ಇಳಿದು ಹಿಂದಿರುಗಿದೆ. ಯಜಮಾನರು ಅದಾಗಲೇ ಅವಳನ್ನು ವೈದ್ಯರ ಬಳಿಗೆ ಕರೆತಂದಿದ್ದರು. ರಕ್ತ ಪರೀಕ್ಷೆಯಾಯಿತು. ಹಿಮೋಗ್ಲೋಬಿನ್ 8.9. ಆ ವಯಸ್ಸಿನ ಹೆಣ್ಣುಮಕ್ಕಳಿಗೆ 12ಕ್ಕಿಂತ ಕಡಿಮೆ ಇರಬಾರದಂತೆ. ಅವಳು ಋತುಮತಿಯಾಗಿ ಒಂದು ವರ್ಷವಾಗಿತ್ತು. ವೈದ್ಯೆ ವಯಸ್ಸಾದ ತಾಯಿ, ಸಿಟ್ಟಿನವರಲ್ಲ. ಚೀಟಿ ಬರೆಯುತ್ತ ನನ್ನ ಕಡೆಗೆ ನೋಡಿ, “ನಿನ್ನೆ ರಾತ್ರಿಯಿಂದ ಈ ಹುಡುಗಿ ಏನೇನು ತಿಂದಾಳ, ಹೇಳ್ರಿ” ಎಂದರು.

ನನಗೆ ಹೇಳಲಾಗಲಿಲ್ಲ. ರಾತ್ರಿ ಏನು ಮಾಡಿದ್ದೆನೆಂದು ಗೊತ್ತಿತ್ತು. ಅವಳು ಎಷ್ಟು ಉಂಡಳೆಂದು ಗೊತ್ತಿರಲಿಲ್ಲ. ಬೆಳಿಗ್ಗೆ ಏನು ಕಟ್ಟಿದ್ದೆನೆಂದು ಗೊತ್ತಿತ್ತು. ಏನು ತಿಂದು ಮನೆಯಿಂದ ಹೊರಟಳೆಂದು ಗೊತ್ತಿರಲಿಲ್ಲ. ಆ ಕುರ್ಚಿಯ ಮೇಲೆ ಕುಳಿತ ಆ ಕ್ಷಣ ಈಗಲೂ ಒಮ್ಮೊಮ್ಮೆ ಪೂಜೆಯ ಹೊತ್ತಿನಲ್ಲಿ ನೆನಪಾಗುತ್ತದೆ.

ರಾತ್ರಿ ಮಗಳ ಪಕ್ಕದಲ್ಲಿ ಮಲಗಿ ಮೆಲ್ಲನೆ ಕೇಳಿದೆ. ಮೊದಲು ಸುಮ್ಮನಿದ್ದಳು. ಆಮೇಲೆ, “ಅದು ತಣ್ಣಗ ಆಗಿ ಒದ್ದಿ ಆಗಿರ್ತದವ್ವಾ. ತಿನ್ನಾಕ ಮನಸ್ಸಾಗಂಗಿಲ್ಲ” ಎಂದಳು. ವಾಹನ ಹತ್ತುವ ಮೂಲೆಯಲ್ಲಿ ಒಂದು ಕಸದ ತೊಟ್ಟಿಯಿದೆ. ಸಂಜೆ ಇಳಿದ ಕೂಡಲೆ ಡಬ್ಬಿ ಅಲ್ಲಿ ಬರಿದಾಗುತ್ತಿತ್ತು. ನನಗೆ ನೋವಾಗಬಾರದೆಂದು ಮಾಡಿದ ಕೆಲಸ. ಬೆಳಿಗ್ಗೆ ಅವಳ ಆಹಾರವೆಂದರೆ ಅಜ್ಜ ತಮ್ಮ ಚಹಾದಲ್ಲಿ ಬಸಿಗೆ ಸುರಿದು ಕೊಡುತ್ತಿದ್ದ ಅರ್ಧ ಪಾಲು ಮತ್ತು ಎರಡು ಬಿಸ್ಕತ್ತು. ಮಾವನವರಿಗೆ ಇದು ತಿಳಿದಾಗ ಅವರು ಮಾತನಾಡಲಿಲ್ಲ. ಮರುದಿನದಿಂದ ಮೊಮ್ಮಗಳು ಶಾಲೆಗೆ ಹೊರಡುವವರೆಗೆ ತಾವೂ ಚಹಾ ಮುಟ್ಟುವುದನ್ನು ಬಿಟ್ಟರು. ಎಪ್ಪತ್ತೆಂಟು ವರ್ಷದ ಜೀವ, ಐವತ್ತು ವರ್ಷದ ಅಭ್ಯಾಸ.

ವೈದ್ಯೆ ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟರು, ಜಂತುಹುಳುವಿಗೂ ಔಷಧ ಕೊಟ್ಟರು. ಊಟದ ಜೊತೆಗೆ, ಅದರ ಹಿಂದುಮುಂದಿನ ಹೊತ್ತಿನಲ್ಲಿ ಚಹಾ ಬೇಡ, ಅದು ಆಹಾರದಲ್ಲಿರುವ ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ ಎಂದರು. ಕಾಳು, ಸೊಪ್ಪು ತಿನ್ನುವಾಗ ಒಂದು ಹೋಳು ಲಿಂಬೆ ಹಿಂಡಿದರೆ ಅದೇ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ ಎಂದರು. ನೆನೆಸಿ ಮೊಳಕೆ ಬರಿಸಿದ ಕಾಳು ಇನ್ನೂ ಒಳ್ಳೆಯದು ಎಂದರು. ಇವೆಲ್ಲವನ್ನೂ ಕೇಳುತ್ತ ನನಗೆ ಅತ್ತೆಯವರ ಅಡುಗೆಮನೆಯೇ ಕಣ್ಣ ಮುಂದೆ ಬಂದಿತು. ಮಡಿಕೆ ಕಾಳಿನ ಪಲ್ಯ, ಅದರ ಮೇಲೆ ಲಿಂಬೆ, ಪಕ್ಕದಲ್ಲಿ ಗುರೆಳ್ಳು ಹಿಂಡಿ. ಅವರಿಗೆ ಹಿಮೋಗ್ಲೋಬಿನ್ ಎಂಬ ಶಬ್ದ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಹೀಗೆ ಆಯಿತೆಂದು ತಿಳಿದು ಬಹಳ ದಿನ ತಲೆ ತಗ್ಗಿಸಿಕೊಂಡಿದ್ದೆ. ಆಮೇಲೆ ಓದಿ ತಿಳಿದದ್ದೇನೆಂದರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಇದರಲ್ಲಿ ಬಡವರ ಮಕ್ಕಳಷ್ಟೇ ಇದ್ದಾರೆಂದು ನಾನು ತಿಳಿಯುವಂತಿರಲಿಲ್ಲ. ಕಪಾಟಿನಲ್ಲಿ ಜೋಳ, ಕಾಳು, ಬೆಲ್ಲ, ಶೇಂಗಾ ಎಲ್ಲವೂ ಇದ್ದ ಮನೆಯ ಮಗಳು ಅವರಲ್ಲಿ ಒಬ್ಬಳಾಗಿದ್ದಳು.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಮನೆಗೆಲಸಕ್ಕೆ ಬರುವ ತಾಯಿಯ ಮಗ ಸರಕಾರಿ ಶಾಲೆಯಲ್ಲಿ ಓದುತ್ತಾನೆ. ಒಂದು ದಿನ ಆಕೆ ಪಾತ್ರೆ ತಿಕ್ಕುತ್ತ, “ನಮ್ಮ ಹುಡುಗ ಮಧ್ಯಾಹ್ನ ಬಿಸಿ ಬಿಸಿ ಉಣ್ತಾನ್ರಿ ಅಕ್ಕಾರ, ವಾರಕ್ಕೊಮ್ಮೆ ಗುಳಿಗಿನೂ ಕೊಡ್ತಾರ” ಎಂದಳು. ವರ್ಷಕ್ಕೆ ಎರಡು ಬಾರಿ ಜಂತುಹುಳುವಿನ ಔಷಧವೂ ಅಲ್ಲಿಯೇ ದೊರೆಯುತ್ತದೆ. ಆಕೆ ಹಂಗಿಸಿ ಆಡಿದ ಮಾತಲ್ಲ. ಆದರೂ ಶುಲ್ಕ ಕಟ್ಟಿ ಮಕ್ಕಳನ್ನು ದೊಡ್ಡ ಶಾಲೆಗೆ ಕಳಿಸುವ ನನ್ನ ಹೆಮ್ಮೆ ಅಂದು ಆ ಪಾತ್ರೆಗಳ ಜೊತೆಗೇ ತೊಳೆದುಹೋಯಿತು.

ಶಾಲೆಯ ಬಿಸಿಯೂಟದ ವಿಷಯವನ್ನು ಆಗ ಮೊದಲ ಬಾರಿ ಆಸ್ಥೆಯಿಂದ ತಿಳಿದುಕೊಂಡೆ. ಕರ್ನಾಟಕದಲ್ಲಿ ಇದು ಆರಂಭವಾದದ್ದು 2002ರ ಜೂನ್‌ನಲ್ಲಿ, ಉತ್ತರ ಭಾಗದ ಏಳು ಜಿಲ್ಲೆಗಳಲ್ಲಿ. 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂದಿತು. ಸರಕಾರ ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ನಮ್ಮ ಶರಣರ ಶಬ್ದ ಊರೂರಿನ ಶಾಲೆಯ ಅಡುಗೆಮನೆಯ ಗೋಡೆಯ ಮೇಲೆ ಬರೆಯಲ್ಪಟ್ಟಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ಓದಿರಲಿಲ್ಲ. ಅಲ್ಲಿ ಒಂದು ಲೆಕ್ಕವಿದೆ. ಒಂದರಿಂದ ಐದನೆಯ ತರಗತಿಯ ಮಗುವಿಗೆ ಒಂದು ಊಟಕ್ಕೆ ಧಾನ್ಯ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ. ಆರರಿಂದ ಎಂಟನೆಯ ತರಗತಿಗೆ ಧಾನ್ಯ 150, ಬೇಳೆ 30, ತರಕಾರಿ 75. ಚಿಕ್ಕವರಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ದೊಡ್ಡವರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ನಾನು ಹಿಂದಿನ ವಾರ ಕಟ್ಟಿದ್ದ ಬ್ರೆಡ್ಡಿನ ನಾಲ್ಕು ತುಂಡುಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ ನೋಡಿದೆ. ಧಾನ್ಯದ ಲೆಕ್ಕವೇ ಕೂಡಲಿಲ್ಲ, ಬೇಳೆ ತರಕಾರಿಗಳ ಮಾತಂತೂ ದೂರ ಉಳಿಯಿತು. ಆ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಒಲೆಯ ಪಕ್ಕದ ಗೋಡೆಗೆ ಅಂಟಿಸಿದೆ. ಅದು ಇನ್ನೂ ಅಲ್ಲಿಯೇ ಇದೆ, ಒಗ್ಗರಣೆ ಸಿಡಿದು ಹಳದಿಯಾಗಿದೆ.

ಆ ದಿನಗಳಲ್ಲಿಯೇ ಶ್ರಾವಣದ ಪ್ರವಚನದಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಬಂದಿತು. ತಮಗೆಲ್ಲ ತಿಳಿದ ಕಥೆ. ಮಾರಯ್ಯ ದಿನವೂ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವನು, ಅದರಿಂದಲೇ ದಂಪತಿಗಳ ದಾಸೋಹ ನಡೆಯುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿ ಗಂಡನನ್ನು ಹಿಂದಕ್ಕೆ ಕಳಿಸುತ್ತಾಳೆ. ಬಾಲ್ಯದಿಂದ ಈ ಕಥೆಯನ್ನು ನಿರಾಸೆಯ ಕಥೆಯಾಗಿ, ಸಂಗ್ರಹಬುದ್ಧಿಯನ್ನು ಗೆದ್ದವಳ ಕಥೆಯಾಗಿ ಕೇಳಿದ್ದೇನೆ. ಅದು ನಿಜವೇ. ಆದರೆ ಆ ಸಲ ಕೇಳುವಾಗ ನನ್ನ ಮನಸ್ಸು ಬೇರೊಂದು ಕಡೆಗೆ ಹೋಯಿತು. ಗಂಡ ತಂದ ಸೆರಗಿನ ಗಂಟನ್ನು ನೋಡಿದ ಕೂಡಲೆ ಇದು ಹೆಚ್ಚು ಎಂದು ಲಕ್ಕಮ್ಮ ಹೇಗೆ ಹೇಳಿದಳು? ಅಂದು ಎಷ್ಟು ಜಂಗಮರು ಬರುವರು, ಒಬ್ಬೊಬ್ಬರಿಗೆ ಎಷ್ಟು ಬೇಕು, ಮಡಕೆ ಎಷ್ಟು ಹಿಡಿಯುತ್ತದೆ, ಎಂಬುದೆಲ್ಲ ಆಕೆಗೆ ಗೊತ್ತಿತ್ತು. ಎಷ್ಟು ಸಾಕೆಂದು ಗೊತ್ತಿದ್ದವಳಿಗೆ ಮಾತ್ರ ಹೆಚ್ಚು ಯಾವುದೆಂದು ತಿಳಿಯುತ್ತದೆ, ಕಡಿಮೆ ಯಾವುದೆಂದೂ ತಿಳಿಯುತ್ತದೆ. ನನ್ನ ಮನೆಯಲ್ಲಿ ಎಷ್ಟು ಸಾಕು ಎಂಬುದು ಅತ್ತೆಯವರ ಕೈಯಲ್ಲಿತ್ತು. ಅವರ ಜೊತೆಗೆ ಹೊರಟುಹೋಯಿತು. ಪಂಡಿತರು ಈ ವ್ಯಾಖ್ಯಾನವನ್ನು ಒಪ್ಪುವರೋ ಇಲ್ಲವೋ, ನನಗೆ ಮಾತ್ರ ಅಂದು ಲಕ್ಕಮ್ಮ ತೀರ ಹತ್ತಿರದವಳೆನಿಸಿದಳು.

ಮನೆಗೆ ಬಂದು ಅತ್ತೆಯವರ ಹಳೆಯ ಕ್ಯಾಲೆಂಡರನ್ನು ತೆಗೆದೆ. ಅವರು ಎರಡನೆಯ ತರಗತಿಯವರೆಗೆ ಓದಿದವರು, ಬರೆಯುವ ರೂಢಿ ಇರಲಿಲ್ಲ. ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಸೀಸದಕಡ್ಡಿಯಿಂದ ಗುರುತು ಹಾಕುತ್ತಿದ್ದರು. ಕೆಲವು ದಿನಾಂಕಗಳ ಕೆಳಗೆ ಚುಕ್ಕೆ, ಕೆಲವಕ್ಕೆ ಅಡ್ಡಗೀಟು, ಅಲ್ಲಲ್ಲಿ ಒಂದು ಸಣ್ಣ ಸೊನ್ನೆ. ಹಾಲಿನವನ ಲೆಕ್ಕವೆಂದು ಇಷ್ಟು ವರ್ಷ ತಿಳಿದಿದ್ದೆ. ಮಾವನವರೂ ನಾನೂ ಕೂತು ನೋಡುತ್ತ ಹೋದಂತೆ ಚುಕ್ಕೆ ಯಾವುದೆಂದು ಹೊಳೆಯಿತು. ಅದು ಕಾಳು ನೆನೆಹಾಕುವ ರಾತ್ರಿ. ವಾರಕ್ಕೆ ಎರಡು ಬಾರಿ, ಮಳೆಗಾಲದಲ್ಲಿ ಒಂದು ದಿನ ಹಿಂದಕ್ಕೆ ಸರಿದಿರುತ್ತಿತ್ತು, ಏಕೆಂದರೆ ತಂಪಿನಲ್ಲಿ ಮೊಳಕೆ ತಡವಾಗುತ್ತದೆ. ಅಡ್ಡಗೀಟು ಗಿರಣಿಯದು. ಒಂಬತ್ತು ಹತ್ತು ದಿನಕ್ಕೊಮ್ಮೆ ಇತ್ತು, ಅದಕ್ಕಿಂತ ಹೆಚ್ಚಿನ ಅಂತರ ಎಲ್ಲಿಯೂ ಇರಲಿಲ್ಲ. ನನ್ನ ರೊಟ್ಟಿ ಏಕೆ ಒಡೆಯುತ್ತಿತ್ತೆಂಬುದಕ್ಕೆ ಉತ್ತರ ಅಲ್ಲಿ ಸಿಕ್ಕಿತು. ನಾನು ಒಂದೇ ಬಾರಿಗೆ ಒಂದೂವರೆ ತಿಂಗಳ ಹಿಟ್ಟು ಬೀಸಿಸಿ ತಂದಿಟ್ಟಿದ್ದೆ. ಸೊನ್ನೆಯ ಅರ್ಥ ಮಾತ್ರ ತಿಳಿಯಲಿಲ್ಲ.

ಆ ವರ್ಷವೆಲ್ಲ ತಡವರಿಸುತ್ತಲೇ ಕಳೆಯಿತು. ಗುಳಿಗೆ ನುಂಗಿದರೆ ಹೊಟ್ಟೆ ಕಟ್ಟುತ್ತದೆ ಎಂದು ಮಗಳು ದಿನ ಬಿಟ್ಟು ದಿನ ತಪ್ಪಿಸುತ್ತಿದ್ದಳು. ಅಕ್ಟೋಬರಿನಲ್ಲಿ 10.6 ಇತ್ತು. ಮುಂದಿನ ಬೇಸಿಗೆ ಬಂದಾಗ ನಾವು ನಿಜವಾಗಿ ಸಿದ್ಧತೆಗೆ ಕುಳಿತೆವು. ಜೂನ್‌ನಲ್ಲಿ ತೆರೆಯುವ ಶಾಲೆಗೆ ಸಿದ್ಧತೆ ಏಪ್ರಿಲ್‌ನಲ್ಲಿಯೇ ಆಗಬೇಕು. ಬಿಸಿಲು ಇರುವಾಗ ಮಾಡದ ಕೆಲಸವನ್ನು ಮಳೆಯಲ್ಲಿ ಮಾಡಲಾಗುವುದಿಲ್ಲ. ಇದನ್ನು ಅತ್ತೆಯವರು ಪ್ರತಿ ವರ್ಷ ಮಾಡುತ್ತಿದ್ದರು. ನಾನು ಅದನ್ನು ಬೇಸಿಗೆಯ ಗಲಾಟೆ ಎಂದು ನೋಡುತ್ತಿದ್ದೆ.

ನಮ್ಮ ಐವರಿಗೆ ದಿನಕ್ಕೆ ಹದಿನಾಲ್ಕು ರೊಟ್ಟಿ ಬೇಕು, ಅದಕ್ಕೆ ಸುಮಾರು ಒಂದು ಕಿಲೋ ಹಿಟ್ಟು. ಮಳೆಗಾಲದ ನಾಲ್ಕು ತಿಂಗಳಿಗೆ ಒಂದೂಕಾಲು ಕ್ವಿಂಟಲ್ ಜೋಳ. ಹಿಂಗಾರಿ ಮಾಲದಂಡಿ ಜೋಳ ಪೇಟೆಗೆ ಬಂದಾಗಲೇ ಕೊಂಡು, ಎರಡು ಬಿಸಿಲು ಕಾಣಿಸಿ, ಬೇವಿನೆಲೆ ಬೆರೆಸಿ ಇಟ್ಟೆವು. ಶೇಂಗಾ ಹುರಿದು ಸಿಪ್ಪೆ ತೆಗೆದು ಹಿಂಡಿ ಕುಟ್ಟಿದೆವು. ಗುರೆಳ್ಳು ಹಿಂಡಿ ಬೇರೆ. ಅಗಸಿ ಹಿಂಡಿಯನ್ನು ಮಾತ್ರ ಒಮ್ಮೆಗೇ ಹೆಚ್ಚು ಮಾಡಬಾರದು, ಬೇಗ ಕಮಟು ವಾಸನೆ ಬರುತ್ತದೆ. ಇದು ಒಂದು ಭರಣಿ ಹಾಳಾದ ಮೇಲೆ ಕಲಿತದ್ದು. ಬ್ಯಾಡಗಿ ಮೆಣಸಿನಕಾಯಿಯ ಖಾರ, ಶಾವಿಗೆ, ಸಂಡಿಗೆ, ಇವುಗಳ ವಿವರ ಬೇಡ, ಎಲ್ಲರ ಮನೆಯಲ್ಲಿ ಆಗುವಂಥವೇ.

ಖಡಕ್ ರೊಟ್ಟಿಯ ವಿಷಯ ಸ್ವಲ್ಪ ಹೇಳಬೇಕು. ವಾರದ ಐದೂ ದಿನ ಬೆಳಿಗ್ಗೆ ಬಿಸಿ ರೊಟ್ಟಿ ಬಡಿಯುವುದು ನನ್ನಿಂದ ಆಗುವುದಿಲ್ಲವೆಂದು ಒಪ್ಪಿಕೊಂಡೆ. ಮಾವನವರು ಹುಡುಗನಾಗಿದ್ದಾಗ ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಹಳ್ಳಿಗಳಿಂದ ಭಕ್ತರು ಹೊರೆಗಟ್ಟಲೆ ಒಣರೊಟ್ಟಿ ತಂದು ಮಠಗಳಿಗೆ ಒಪ್ಪಿಸುತ್ತಿದ್ದುದನ್ನು ಅವರು ಆಗಾಗ ನೆನೆಯುತ್ತಾರೆ. ಇಂದಿಗೂ ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರುಗಳಿಂದ ಲಕ್ಷಾಂತರ ರೊಟ್ಟಿಗಳು ಹೀಗೆಯೇ ಬರುತ್ತವೆ. ತೆಳ್ಳಗೆ ಬಡಿದು ಚೆನ್ನಾಗಿ ಒಣಗಿಸಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಇಡೀ ಮಠಕ್ಕೆ ನಡೆಯುವ ಉಪಾಯ ನಮ್ಮ ಮನೆಗೆ ನಡೆಯದೇ? ಆದಿತ್ಯವಾರ ನಾನು ಬಡಿಯುವುದು, ಯಜಮಾನರು ಹಂಚಿನ ಮುಂದೆ ನಿಂತು ಬೇಯಿಸುವುದು ಎಂದು ನಿರ್ಣಯವಾಯಿತು. ಮಳೆಯಲ್ಲಿ ರೊಟ್ಟಿ ತಂಪು ಹೀರಿ ಮೆತ್ತಗಾಗುತ್ತದೆ. ಆದುದರಿಂದ ಅರಿವೆಯಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿ ಇಡುತ್ತೇವೆ. ಬುತ್ತಿಗೆ ಒಯ್ಯುವಾಗ ನೀರು ಚಿಮುಕಿಸಿ ಹಂಚಿನ ಮೇಲೆ ಒಮ್ಮೆ ಬಿಸಿ ಮಾಡಿದರೆ ಮಧ್ಯಾಹ್ನದವರೆಗೆ ಮೆತ್ತಗಿರುತ್ತದೆ.

ಯಜಮಾನರು ಹಂಚಿನ ಮುಂದೆ ನಿಂತದ್ದನ್ನು ನೋಡಿದ ಬಂಧುಗಳೊಬ್ಬರು ಮುಸಿಮುಸಿ ನಕ್ಕರು. ಕಾಯಕದಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ ಎಂಬ ಮಾತಿಗೆ ಬಸವ ಜಯಂತಿಯ ವೇದಿಕೆಯ ಮುಂದೆ ಅವರೇ ಜೋರಾಗಿ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದೇನೆ. ಚಪ್ಪಾಳೆಗೆ ಕೈ ಸುಡುವುದಿಲ್ಲ, ಹಂಚಿಗೆ ಸುಡುತ್ತದೆ. ಇರಲಿ.

ಕಾಳಿನ ಕಾಯಕವನ್ನು ಮಾವನವರು ತಾವಾಗಿಯೇ ವಹಿಸಿಕೊಂಡರು. ಮೊದಲ ರಾತ್ರಿ ನಾನು ಪಾತ್ರೆ ತೆಗೆಯಲು ಹೋದಾಗ, “ನೀ ಮಲಕೋವಾ, ಕಾಳು ನಾ ನೆನಿ ಹಾಕ್ತೀನಿ” ಎಂದರು. ಸೋಮವಾರ ರಾತ್ರಿ ಮಡಿಕೆ ನೀರಿಗೆ ಬೀಳುತ್ತದೆ. ಮಂಗಳವಾರ ಬೆಳಿಗ್ಗೆ ಬಸಿದು ಒದ್ದೆ ಅರಿವೆಯಲ್ಲಿ ಕಟ್ಟಿ ಒಲೆಯ ಬದಿಯ ಬೆಚ್ಚನೆಯ ಮೂಲೆಯಲ್ಲಿ ತೂಗುಹಾಕುತ್ತಾರೆ. ಬುಧವಾರ ಇಲ್ಲವೆ ಗುರುವಾರ ಬುತ್ತಿಗೆ ಬರುತ್ತದೆ. ಮೊದಲ ಸಲ ಗಂಟನ್ನು ಬಿಚ್ಚದೆ ಹಾಗೆಯೇ ಬಿಟ್ಟು ಕಾಳು ಲೋಳೆಯಾಗಿ ನಾರಿತು. ದಿನಕ್ಕೆರಡು ಬಾರಿ ತೊಳೆಯಬೇಕೆಂದು ಈಗ ಅವರೇ ನನಗೆ ಬೋಧಿಸುತ್ತಾರೆ. ಗುರುವಾರ ರಾತ್ರಿ ಹೆಸರುಕಾಳಿನ ಸರದಿ. ನಿವೃತ್ತ ಶಿಕ್ಷಕರಾದುದರಿಂದ ಹಾಜರಿ ಪುಸ್ತಕದಂತೆ ಒಂದು ವಹಿಯನ್ನೂ ಇಟ್ಟಿದ್ದಾರೆ. ಯಾವ ಕಾಳು ಎಷ್ಟು ತಾಸಿಗೆ ಮೊಳೆಯಿತು, ಅಂದು ಮಳೆ ಇತ್ತೇ ಬಿಸಿಲಿತ್ತೇ, ಡಬ್ಬಿಯಲ್ಲಿ ಎಷ್ಟು ಉಳಿದು ಬಂದಿತು.

ಡಬ್ಬಿಯಲ್ಲಿ ಉಳಿದದ್ದನ್ನು ಚೆಲ್ಲದೆ ಮನೆಗೆ ತರಬೇಕು, ಏನು ಉಳಿದರೂ ಯಾರೂ ಬೈಯುವುದಿಲ್ಲ ಎಂಬುದು ನಮ್ಮೊಳಗಿನ ಕರಾರು. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ಉಳಿದದ್ದನ್ನು ನೋಡಿಯೇ ನಾನು ಕಲಿತೆ. ಪುಂಡಿ ಪಲ್ಯ ಮನೆಯಲ್ಲಿ ಉಣ್ಣುವ ಮಗಳು ಶಾಲೆಯಲ್ಲಿ ಮುಟ್ಟುವುದಿಲ್ಲ, ಅದರ ಬಣ್ಣ ನೋಡಿ ಗೆಳತಿಯರು ಏನೋ ಅನ್ನುತ್ತಾರಂತೆ. ಅದನ್ನು ರಾತ್ರಿಯ ಊಟಕ್ಕೆ ಸರಿಸಿದೆ. ಮೆಂತ್ಯ ಸೊಪ್ಪನ್ನು ಹಿಟ್ಟಿನಲ್ಲಿ ಕಲಸಿ ಥಾಲಿಪಟ್ಟು ಮಾಡಿದರೆ ಡಬ್ಬಿ ನಿಜವಾಗಿಯೇ ಬರಿದಾಗುತ್ತದೆ. ಬಿಸಿಯಾಗಿದ್ದಾಗಲೇ ಮುಚ್ಚಳ ಬಿಗಿದರೆ ಹಬೆ ನೀರಾಗಿ ಎಲ್ಲವನ್ನೂ ಒದ್ದೆ ಮಾಡುತ್ತದೆ. ಮಗಳು ಅಂದು ಹೇಳಿದ ಒದ್ದೆ ಇದೇ ಆಗಿತ್ತು. ಈಗ ಹತ್ತು ನಿಮಿಷ ಆರಿಸಿ ಮುಚ್ಚುತ್ತೇನೆ. ಮೊಸರು ಬುತ್ತಿಗೆ ಅನ್ನವನ್ನು ಮೆತ್ತಗೆ ಮಾಡಿ, ಆರಿದ ಮೇಲೆ ಹಾಲು ಹೆಚ್ಚು ಹಾಕಿ ಕಲಸಿ, ಒಂದು ಚಮಚ ಮೊಸರು ಮಾತ್ರ ಬೆರೆಸಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗದೆ ಹದವಾಗಿರುತ್ತದೆ. ಮೊದಲ ಸಲ ಹಾಲು ಅತಿಯಾಗಿ, ಮಗನ ಗಣಿತದ ಪುಸ್ತಕ ಕ್ಷೀರಾಭಿಷೇಕ ಮಾಡಿಸಿಕೊಂಡಿತು. ಬೆಳಿಗ್ಗೆ ಹೊರಡುವ ಮುನ್ನ ಇಬ್ಬರೂ ಒಂದು ಹಿಡಿ ಹುರಿದ ಶೇಂಗಾ, ಬೆಲ್ಲ, ಒಂದು ಲೋಟ ರಾಗಿ ಅಂಬಲಿ ಇಲ್ಲವೆ ಹಾಲು ತೆಗೆದುಕೊಳ್ಳುತ್ತಾರೆ. ಅಜ್ಜನ ಸಮಕ್ಷಮದಲ್ಲಿ, ಅವರ ಚಹಾ ಅದಾದ ಮೇಲೆಯೇ.

ಎಲ್ಲವೂ ನೇರ್ಪಟ್ಟಿತೆಂದು ತಿಳಿಯಬೇಡಿ. ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕಪತ್ರದ ದಿನಗಳಲ್ಲಿ ಬ್ರೆಡ್ಡು ಮರಳಿ ಬರುತ್ತದೆ. ಮನೆಯ ನೆಂಟರ ಮದುವೆಯ ಸಮಯದಲ್ಲಿ ಎರಡು ವಾರ ಕಾಳಿನ ಗಂಟು ತೂಗಲೇ ಇಲ್ಲ. ಕೆಲವು ಬೆಳಗುಗಳಲ್ಲಿ ನಾನು ಮಕ್ಕಳ ಮೇಲೆ ಕೂಗಿದ ಕೂಗು ಪಕ್ಕದ ಮನೆಗೂ ಕೇಳಿದೆ, ಪೂಜೆಗೆ ಕುಳಿತು ಐದು ನಿಮಿಷವೂ ಆಗಿರುವುದಿಲ್ಲ. ಬೇಕರಿಯ ಪಫ್ಫನ್ನು ಮಗ ಇಂದಿಗೂ ಪ್ರೀತಿಸುತ್ತಾನೆ, ಶನಿವಾರ ಅದಕ್ಕೆ ಅನುಮತಿಯಿದೆ.

ಮಗಳ ರಕ್ತವನ್ನು ಆ ಬೇಸಿಗೆಗೆ ಮೊದಲು, ಮಾರ್ಚಿನಲ್ಲಿ ನೋಡಿದಾಗ 11.6 ಇತ್ತು. ಕಳೆದ ದೀಪಾವಳಿಯ ಹಿಂದೆ 12.3. ವೈದ್ಯೆ ಚೀಟಿಯನ್ನು ನೋಡಿ, “ಈಗ ಹೇಳ್ರಿ, ನಿನ್ನೆ ರಾತ್ರಿ ಏನ್ ತಿಂದಾಳ?” ಎಂದು ಕೇಳಿ ನಕ್ಕರು. ಹೇಳಿದೆ. ಎರಡು ರೊಟ್ಟಿ, ಪುಂಡಿ ಪಲ್ಯ, ಅರ್ಧ ಬಟ್ಟಲು ಅನ್ನ ಸಾರು, ಬಟ್ಟಲಿನ ತಳದಲ್ಲಿ ಸ್ವಲ್ಪ ಬಿಟ್ಟಳು ಎಂದೂ ಹೇಳಿದೆ.

ಈ ಜೂನ್‌ಗೆ ಅವಳು ಹತ್ತನೆಯ ತರಗತಿ, ಮಗ ಆರನೆಯದು. ಹೋದ ವಾರ ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ಸ್ಟೂಲಿನ ಮೇಲೆ ನಿಂತು ಮಗಳು ಸೀಸದಕಡ್ಡಿಯಿಂದ ಸೆಪ್ಟೆಂಬರ್‌ವರೆಗಿನ ಚುಕ್ಕೆಗಳನ್ನೂ ಅಡ್ಡಗೀಟುಗಳನ್ನೂ ಹಾಕುತ್ತಿದ್ದಳು. ಮಳೆಗಾಲದ ಚುಕ್ಕೆಗಳನ್ನು ಒಂದು ದಿನ ಹಿಂದಕ್ಕೆ ಸರಿಸಲು ಮರೆಯಲಿಲ್ಲ. ಆಮೇಲೆ ತಿಂಗಳಿಗೆ ಒಂದರಂತೆ ಸಣ್ಣ ಸೊನ್ನೆಗಳನ್ನೂ ಹಾಕಿದಳು. ಅದರ ಅರ್ಥ ನಿನಗೆ ಗೊತ್ತೇ ಎಂದು ಆತುರದಿಂದ ಕೇಳಿದೆ.

“ಗೊತ್ತಿಲ್ಲವ್ವಾ. ಅಜ್ಜಿ ಹಾಕ್ತಿದ್ಲಲ್ಲಾ” ಎಂದಳು.

ಆ ದಿನ ಏನು ಮಾಡಬೇಕೆಂಬುದು ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಮಾವನವರು ಶೇಂಗಾ ಹೋಳಿಗೆ ಎನ್ನುತ್ತಾರೆ. ಮಗ ಫೇಡೆ ಎನ್ನುತ್ತಾನೆ. ಮೊದಲ ಸೊನ್ನೆ ಬರುವ ಶನಿವಾರ ಬೀಳುತ್ತದೆ.